ಟೆಕ್ಸಾಸ್‌ನ ಊರಲ್ಲಿ ಜರ್ಮನ್ ಹಬ್ಬ ಯಾಕೆ? ವುರ್ಸ್ಟ್‌ಫೆಸ್ಟ್ ಹಿಂದಿನ ಪೂರ್ತಿ ಕಥೆ

ಆಸ್ಟಿನ್‌ನಿಂದ ಸ್ಯಾನ್ ಆಂಟೋನಿಯೋ ಕಡೆ ಐ-35 ಹೈವೇ ಹಿಡಿದು ಹೋದ್ರೆ ದಾರೀಲಿ ನ್ಯೂ ಬ್ರೌನ್‌ಫೆಲ್ಸ್ ಅಂತ ಒಂದು ಊರು ಸಿಗುತ್ತೆ. ನವೆಂಬರ್ ಶುರುವಿನಲ್ಲಿ ಅಲ್ಲಿಗೆ ಹೋದ್ರೆ ಕೊಮಾಲ್ ನದಿ ದಂಡೇಲಿ ಹತ್ತು ದಿನದ ಜಾತ್ರೆ ನಡೀತಿರುತ್ತೆ, ದೊಡ್ಡ ದೊಡ್ಡ ಹಾಲ್‌ಗಳ ತುಂಬಾ ಅಕಾರ್ಡಿಯನ್ ಸದ್ದು, ಕೆಂಪು ಕೋಟು ಹಾಕ್ಕೊಂಡು ಟೋಪಿ ತುಂಬಾ ಪಿನ್ನು ಚುಚ್ಕೊಂಡಿರೋ ಅಜ್ಜಂದಿರು, ಕಡ್ಡಿಗೆ ಚುಚ್ಚಿರೋ ಸಾಸೇಜ್ ಹಿಡ್ಕೊಂಡು ಓಡಾಡೋ ಮಕ್ಕಳು, ಪೋಲ್ಕಾ ಕುಣಿಯೋ ದಂಪತಿಗಳು. ಇದೇ ವುರ್ಸ್ಟ್‌ಫೆಸ್ಟ್. ವುರ್ಸ್ಟ್ ಅಂದ್ರೆ ಜರ್ಮನ್‌ನಲ್ಲಿ ಸಾಸೇಜ್, ಅಂದ್ರೆ ಇದು ಸಾಸೇಜ್ ಹಬ್ಬ. ಊರಿಂದ ಬಂದ ನೆಂಟರನ್ನ ಕರ್ಕೊಂಡು ಹೋದಾಗೆಲ್ಲ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಕೌಬಾಯ್‌ಗಳ ಟೆಕ್ಸಾಸ್‌ನಲ್ಲಿ ಈ ಜರ್ಮನ್ನರು ಎಲ್ಲಿಂದ ಬಂದ್ರು ಅಂತ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ, ಈ ಸಲ ಪೂರ್ತಿ ಬರೆದುಬಿಡ್ತೀನಿ.

ಮೊದಲಿಗೇ ಒಂದು ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಹೆಚ್ಚಿನವರು ಇಲ್ಲೇ ತಪ್ಪು ತಿಳ್ಕೊಳ್ಳೋದು. ಇದು ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ನೋಡಿ ಕಾಪಿ ಹೊಡೆದ ಹಬ್ಬ ಅಂತ ಅಂದ್ಕೋತಾರೆ. ಕಣ್ಣಿಗೆ ಹಂಗೆ ಕಾಣೋದೇನೋ ನಿಜ. ಆದ್ರೆ ಆ ಬಿಯರ್, ಆ ಚರ್ಮದ ಚಡ್ಡಿ ಎಲ್ಲಾ ಮೇಲಿನ ಪದರ ಅಷ್ಟೇ, ಕೆಳಗೆ ಸಂಘ ಕಟ್ಟೋ ಅಭ್ಯಾಸದ ಇನ್ನೊಂದು ಪದರ ಇದೆ, ಅದಕ್ಕೆ 170 ವರ್ಷದ ಮೇಲಾಯ್ತು, ಮತ್ತೆ ಅದರ ನಟ್ಟನಡುವೆ ಮಾತಾಡೋರಿಲ್ಲದೆ ಸೊರಗಿ ಹೋದ ಒಂದು ಭಾಷೆ ಇದೆ. ನನಗೆ ಈ ಹಬ್ಬದ ಮೇಲೆ ಇಷ್ಟೊಂದು ಆಸಕ್ತಿ ಹುಟ್ಟಿದ್ದೇ ಆ ಭಾಷೆ ಕಾರಣಕ್ಕೆ.

ಕಥೆ ಶುರುವಾಗೋದು 1842ರಲ್ಲಿ. ಜರ್ಮನಿ ಅನ್ನೋ ಒಂದು ದೇಶ ಆಗ ಇರಲಿಲ್ಲ, ಹತ್ತಾರು ಸಣ್ಣಪುಟ್ಟ ಸಂಸ್ಥಾನ ಇದ್ವು. ರೈನ್ ನದಿ ದಂಡೆಯ ಬೀಬ್ರಿಖ್‌ನಲ್ಲಿ ಒಂದಷ್ಟು ಜನ ಶ್ರೀಮಂತ ಮನೆತನದವರು ಸೇರಿ ಒಂದು ಸಂಘ ಕಟ್ಟಿದ್ರು, ಅದನ್ನ ಆಡೆಲ್ಸ್‌ಫೆರೈನ್ ಅಂತಾರೆ, ಅಂದ್ರೆ ಕುಲೀನರ ಸಂಘ. ಉದ್ದೇಶ ಏನಪ್ಪಾ ಅಂದ್ರೆ ಟೆಕ್ಸಾಸ್‌ಗೆ ಜರ್ಮನ್ ಕುಟುಂಬಗಳನ್ನ ಕಳಿಸಿ ಅಲ್ಲೊಂದು ವಸಾಹತು ಮಾಡೋದು. ಟೆಕ್ಸಾಸ್ ಇನ್ನೂ ಅಮೆರಿಕಾಗೆ ಸೇರಿರಲಿಲ್ಲ, ಅದೇ ಒಂದು ಸ್ವತಂತ್ರ ದೇಶ. ಒಂಟಿ ಗಂಡಸು 300 ಗುಲ್ಡನ್, ಕುಟುಂಬ ಆದ್ರೆ 600 ಗುಲ್ಡನ್ ಕಟ್ಟಬೇಕು, ಅದಕ್ಕೆ ಹಡಗಿನ ಪ್ರಯಾಣ, ಮರದ ದಿಮ್ಮಿ ಮನೆ, ಒಂಟಿಯವರಿಗೆ 160 ಎಕರೆ, ಕುಟುಂಬಕ್ಕೆ 320 ಎಕರೆ ಜಮೀನು ಅಂತ ಮಾತು ಕೊಟ್ಟಿದ್ರು. ತುಂಡು ಜಮೀನು ಹಂಚ್ಕೊಂಡು ಬದುಕ್ತಿದ್ದ ರೈತನಿಗೆ 320 ಎಕರೆ ಅಂದ್ರೆ ಹೇಗಿರುತ್ತೆ ಯೋಚನೆ ಮಾಡಿ. ತೊಂದ್ರೆ ಏನಾಗಿತ್ತು ಅಂದ್ರೆ ಸಂಘದವರು ಆ ಜಮೀನನ್ನ ಕಣ್ಣಲ್ಲೂ ನೋಡಿರಲಿಲ್ಲ, ಅದು ಕೊಮಾಂಚೆ ಬುಡಕಟ್ಟಿನವರ ಬೇಟೆಯ ನೆಲ, ಸಮುದ್ರ ತೀರದಿಂದ ನೂರಾರು ಮೈಲಿ ಒಳಗೆ.

ಸಂಘದ ಮೊದಲ ಮುಖ್ಯಸ್ಥನಾಗಿ ಬಂದಿದ್ದು ಸೋಲ್ಮ್ಸ್-ಬ್ರೌನ್‌ಫೆಲ್ಸ್‌ನ ರಾಜಕುಮಾರ ಕಾರ್ಲ್. ಆ ದೂರದ ಜಮೀನಿಗೆ ಒಂದೇ ಸಲಕ್ಕೆ ಹೋಗೋಕಾಗಲ್ಲ ಅಂತ ಗೊತ್ತಾದ್ಮೇಲೆ ದಾರಿ ಮಧ್ಯೆ, ಕೊಮಾಲ್ ಬುಗ್ಗೆ ಹತ್ರ ಜಾಗ ಕೊಂಡು 1845ರ ಮಾರ್ಚ್ 21ಕ್ಕೆ ನ್ಯೂ ಬ್ರೌನ್‌ಫೆಲ್ಸ್ ಸ್ಥಾಪಿಸಿದ, ಆವತ್ತು ಗುಡ್ ಫ್ರೈಡೇ. ಗುಡ್ಡದ ಮೇಲೆ ತನ್ನ ಭಾವೀ ಹೆಂಡತಿ ಸೋಫಿ ಹೆಸರಲ್ಲಿ ಸೋಫಿಯನ್‌ಬುರ್ಗ್ ಅಂತ ಕೋಟೆಗೆ ಅಡಿಪಾಯ ಹಾಕಿಸಿದ, ಸೋಫಿ ಮಾತ್ರ ಟೆಕ್ಸಾಸ್‌ಗೆ ಬರಲ್ಲ ಅಂದ್ಬಿಟ್ಟಳು, ಅವನೂ ಕೆಲವೇ ವಾರಕ್ಕೆ ವಾಪಸ್ ಹೊರಟುಬಿಟ್ಟ. ಆ ಹೆಸರಿನ ಮ್ಯೂಸಿಯಂ ಇವತ್ತೂ ಊರಲ್ಲಿದೆ, ಹೋದ್ರೆ ಒಂದು ಗಂಟೆ ಇಟ್ಕೊಂಡೇ ಹೋಗಿ.

1846 ಭಯಂಕರ ವರ್ಷ. ಹಡಗಿನ ಮೇಲೆ ಹಡಗು ಬಂದು ಜನ ಇಳೀತಿದ್ದಾರೆ, ಅಷ್ಟರಲ್ಲಿ ಅಮೆರಿಕಾ-ಮೆಕ್ಸಿಕೋ ಯುದ್ಧ ಶುರುವಾಯ್ತು, ಬಾಡಿಗೆಗೆ ಗೊತ್ತು ಮಾಡಿದ್ದ ಗಾಡಿಗಳನ್ನೆಲ್ಲ ಸೈನ್ಯದವರು ಹಿಡ್ಕೊಂಡು ಹೋದ್ರು. ಇಂಡಿಯಾನೋಲಾ ಅಂತ ಆಮೇಲೆ ಹೆಸರಾದ ಆ ಸಮುದ್ರ ದಂಡೇಲಿ ಸಾವಿರಾರು ಜನ ಮಳೇಲಿ, ಗುಂಡಿ ತೋಡಿ ಮೇಲೆ ಬಟ್ಟೆ ಕಟ್ಕೊಂಡು ಕೂತ್ರು, ರೋಗ ಹಬ್ಬಿತು, ನಡ್ಕೊಂಡೇ ಹೊರಟವರು ದಾರಿ ಉದ್ದಕ್ಕೂ ಸತ್ರು. ನೂರಾರು ಜನ. ಒಟ್ಟು ಏಳು ಸಾವಿರಕ್ಕೂ ಹೆಚ್ಚು ಜನರನ್ನ ಕರ್ಕೊಂಡು ಬಂದ ಸಂಘ 1847ರ ಹೊತ್ತಿಗೆ ದಿವಾಳಿ ಆಗಿತ್ತು. ಈಗ ಈ ಜನರ ಪರಿಸ್ಥಿತಿ ನೋಡಿ, ವಾಪಸ್ ಹೋಗೋಕೆ ದುಡ್ಡಿಲ್ಲ, ಹೇಳೋರು ಕೇಳೋರು ಇಲ್ಲ, ಸುತ್ತಮುತ್ತ ಯಾರಿಗೂ ಇವರ ಭಾಷೆ ಬರಲ್ಲ. ಕೈಯಲ್ಲಿ ಉಳಿದಿದ್ದು ಅಕ್ಕಪಕ್ಕದವರು ಮಾತ್ರ. ಆಮೇಲೆ ಅವರು ಮಾಡಿದ್ದೆಲ್ಲ ಅರ್ಥ ಆಗಬೇಕಂದ್ರೆ ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಅವರು ಮಾಡಿದ್ದು ಸಂಘ ಕಟ್ಟೋದು. ಜರ್ಮನ್‌ನಲ್ಲಿ ಫೆರೈನ್ ಅಂತಾರೆ. ಹಾಡೋಕೆ ಒಂದು, ಗುರಿ ಇಟ್ಟು ಗುಂಡು ಹೊಡೆಯೋಕೆ ಒಂದು, ಕಸರತ್ತು ಮಾಡೋಕೆ ಒಂದು, ಬೇಸಾಯದ್ದೊಂದು. ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ಶೂಟಿಂಗ್ ಸಂಘ 1849ರಲ್ಲೇ, ಗರ್ಮೇನಿಯಾ ಅನ್ನೋ ಹಾಡುಗಾರರ ಸಂಘ 1850ರಲ್ಲೇ ಶುರುವಾದ್ವು, ಊರು ಹುಟ್ಟಿ ಐದು ವರ್ಷಕ್ಕೆ. ಇನ್ನೂ ಸರಿಯಾಗಿ ಮನೇನೇ ಇಲ್ಲ, ಹಾಡೋಕೆ ಸಂಘ ಬೇಕಾ ಅನ್ಸುತ್ತಲ್ವಾ? ಆದ್ರೆ ಆ ಸಂಘದಲ್ಲೇ ಸಾಲ ಸಿಗ್ತಿತ್ತು, ಹೆಣ್ಣು-ಗಂಡು ನೋಡೋ ಮಾತು ನಡೀತಿತ್ತು, ಯಾರಾದ್ರೂ ತೀರ್ಕೊಂಡ್ರೆ ಹೆಗಲು ಕೊಡೋರು ಸಿಗ್ತಿದ್ರು.

ನನಗೆ ತುಂಬಾ ಇಷ್ಟ ಆದದ್ದು ಮಾಂಸದ ಸಂಘ, ಫ್ಲೈಷ್‌ಫೆರೈನ್. ಫ್ರಿಜ್ ಇಲ್ಲದ ಕಾಲ, ಟೆಕ್ಸಾಸ್ ಸೆಖೆ, ಒಂದು ಮನೆಯವರು ಒಂದು ಕರು ಕಡಿದ್ರೆ ಅಷ್ಟೂ ಮಾಂಸ ಕೆಡೋದ್ರೊಳಗೆ ತಿಂದು ಮುಗಿಸೋಕಾಗಲ್ಲ. ಅದಕ್ಕೆ ಹತ್ತಾರು ಮನೆಯವರು ಸೇರ್ಕೊಂಡು ವಾರಕ್ಕೊಂದು ಮನೆಯ ಸರದಿ ಅಂತ ಮಾಡ್ಕೊಂಡ್ರು, ಸರದಿ ಬಂದವರು ಪ್ರಾಣಿ ಕೊಡಬೇಕು, ಕಡಿದು ಎಲ್ಲಾ ಮನೆಗೂ ಪಾಲು ಹಂಚ್ತಾರೆ, ಈ ವಾರ ತೊಡೆ ಭಾಗ ಸಿಕ್ಕಿದವರಿಗೆ ಮುಂದಿನ ವಾರ ಬೇರೆ ಭಾಗ, ಹಂಗೆ ತಿರುಗಿ ತಿರುಗಿ ಎಲ್ಲರಿಗೂ ಎಲ್ಲಾ ಭಾಗ ಸಿಗಬೇಕು, ಅದಕ್ಕೆ ಲೆಕ್ಕದ ಪುಸ್ತಕ ಬೇರೆ. ನಮ್ಮಲ್ಲಿ ಚೀಟಿ ಹಾಕ್ತಾರಲ್ಲ, ಥೇಟ್ ಅದೇ, ದುಡ್ಡಿನ ಬದಲು ಮಾಂಸ. ಚೀಟಿ ನಡೆಯೋದು ನಂಬಿಕೆ ಮೇಲೆ, ಇದೂ ಅಷ್ಟೇ.

ಇನ್ನು ಹಾಡಿನ ವಿಷಯಕ್ಕೆ ಬರೋಣ, ಹಬ್ಬಗಳು ಹುಟ್ಟಿದ್ದೇ ಇಲ್ಲಿಂದ. ಒಂದೊಂದು ಊರಲ್ಲೂ ಹಾಡುಗಾರರ ಸಂಘ ಆದ್ಮೇಲೆ ಎಲ್ಲರೂ ಒಂದು ಕಡೆ ಸೇರಿ ಹಾಡೋಣ ಅಂತ 1853ರ ಅಕ್ಟೋಬರ್‌ನಲ್ಲಿ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ಮೊದಲ ಸೆಂಗರ್‌ಫೆಸ್ಟ್ ಮಾಡಿದ್ರು, ಆಸ್ಟಿನ್, ಸ್ಯಾನ್ ಆಂಟೋನಿಯೋ, ಸಿಸ್ಟರ್‌ಡೇಲ್‌ನಿಂದೆಲ್ಲ ಹಾಡುಗಾರರು ಕುದುರೆ, ಗಾಡಿ ಕಟ್ಕೊಂಡು ಬಂದ್ರು. ಸುಮ್ನೆ ಮನರಂಜನೆ ಅಂದ್ಕೋಬೇಡಿ. ಮಾರನೇ ವರ್ಷ, 1854ರ ಮೇ ತಿಂಗಳಲ್ಲಿ, ಸ್ಯಾನ್ ಆಂಟೋನಿಯೋದಲ್ಲಿ ಸೆಂಗರ್‌ಫೆಸ್ಟ್ ನಡೆದಾಗ ಅದರ ಜೊತೆಗೇ ಒಂದು ರಾಜಕೀಯ ಸಭೆನೂ ಸೇರ್ತು, ಅಲ್ಲಿ ಗುಲಾಮಗಿರಿ ಒಂದು ಕೆಡುಕು, ಅದು ತೊಲಗಲೇಬೇಕು ಅಂತ ನಿರ್ಣಯ ಆಯ್ತು. ಟೆಕ್ಸಾಸ್‌ನಲ್ಲಿ, 1854ರಲ್ಲಿ! ಇದನ್ನ ಹೇಳಿದವರಲ್ಲಿ 1848ರ ಯುರೋಪಿನ ಕ್ರಾಂತಿ ಸೋತ ಮೇಲೆ ಓಡಿಬಂದ ಓದು ಬರಹದವರು ಬಹಳ ಜನ ಇದ್ರು. ಸ್ಯಾನ್ ಆಂಟೋನಿಯೋದ ಜರ್ಮನ್ ಪತ್ರಿಕೆಯ ಸಂಪಾದಕ ಅಡಾಲ್ಫ್ ಡೂವೈ ಗುಲಾಮಗಿರಿ ವಿರುದ್ಧ ಬರೆದೂ ಬರೆದೂ ಕಡೆಗೆ 1856ರಲ್ಲಿ ಟೆಕ್ಸಾಸ್ ಬಿಟ್ಟೇ ಹೋಗಬೇಕಾಯ್ತು.

ಹಂಗಂತ ಜರ್ಮನ್ನರೆಲ್ಲ ಒಂದೇ ಅಭಿಪ್ರಾಯದವರು ಅಂತ ಅಲ್ಲ. ಅಮೆರಿಕಾ ಒಕ್ಕೂಟದಿಂದ ಹೊರಗೆ ಹೋಗೋಣ್ವಾ ಅಂತ 1861ರಲ್ಲಿ ಮತ ಹಾಕಿದಾಗ ನ್ಯೂ ಬ್ರೌನ್‌ಫೆಲ್ಸ್ ಇರೋ ಕೊಮಾಲ್ ಕೌಂಟಿ ಹೋಗೋಣ ಅಂತು, ಫ್ರೆಡೆರಿಕ್ಸ್‌ಬರ್ಗ್ ಇರೋ ಗಿಲೆಸ್ಪಿ ಕೌಂಟಿ ಬೇಡವೇ ಬೇಡ ಅಂತು. ಇದರ ಬೆಲೆ ಕಟ್ಟಿದ್ದು 1862ರ ಆಗಸ್ಟ್ 10ರಂದು. ಅಂತರ್ಯುದ್ಧ ಶುರುವಾಗಿತ್ತು, ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಸೈನ್ಯಕ್ಕೆ ಸೇರಲ್ಲ ಅಂತ ಮೆಕ್ಸಿಕೋ ಕಡೆ ಹೊರಟಿದ್ದ ಜರ್ಮನ್ ಯುವಕರ ಗುಂಪನ್ನ ನ್ಯೂಸೆಸ್ ನದಿ ಹತ್ರ ಬೆಳಗಿನ ಜಾವ ಸುತ್ತುವರಿದು ಕೊಂದ್ರು, ಗಾಯ ಆಗಿ ಬಿದ್ದಿದ್ದವರನ್ನೂ ಬಿಡಲಿಲ್ಲ. ಯುದ್ಧ ಮುಗಿಯೋವರೆಗೂ ಮೂಳೆಗಳು ಅಲ್ಲೇ ಬಯಲಲ್ಲಿ ಬಿದ್ದಿದ್ವು. ಆಮೇಲೆ ಮನೆಯವರು ಹೋಗಿ ಆರಿಸ್ಕೊಂಡು ಬಂದು ಕಂಫರ್ಟ್ ಅನ್ನೋ ಊರಲ್ಲಿ ಮಣ್ಣು ಮಾಡಿ 1866ರಲ್ಲಿ ಸುಣ್ಣಕಲ್ಲಿನ ಕಂಬ ನಿಲ್ಲಿಸಿದ್ರು, ಅದರ ಮೇಲೆ ಜರ್ಮನ್‌ನಲ್ಲಿ 'ಟ್ರಾಯ ಡೆರ್ ಊನಿಯೋನ್' ಅಂತ ಕೆತ್ತಿದೆ, ಒಕ್ಕೂಟಕ್ಕೆ ನಿಷ್ಠೆ ಅಂತ ಅರ್ಥ. ಪಕ್ಕದಲ್ಲಿ ಆ ಕಾಲದ 36 ನಕ್ಷತ್ರದ ಅಮೆರಿಕನ್ ಬಾವುಟ ಯಾವಾಗಲೂ ಅರ್ಧಕ್ಕೆ ಇಳಿಸಿರ್ತಾರೆ. ಹಿಲ್ ಕಂಟ್ರಿಗೆ, ಅಂದ್ರೆ ಟೆಕ್ಸಾಸ್‌ನ ಈ ಗುಡ್ಡಗಾಡು ಸೀಮೆಗೆ, ವೈನ್ ಟೂರ್ ಅಂತ ಹೋಗೋರು ಇಲ್ಲಿ ಹತ್ತು ನಿಮಿಷ ನಿಲ್ಲಬೇಕು ಅನ್ನೋದು ನನ್ನ ಆಸೆ, ಯಾಕಂದ್ರೆ ಹಬ್ಬದ ಟೆಂಟ್‌ಗಳಲ್ಲಿ ಈ ಕಥೆ ನಿಮಗೆ ಯಾರೂ ಹೇಳಲ್ಲ.

ಫ್ರೆಡೆರಿಕ್ಸ್‌ಬರ್ಗ್ ಹೆಸರು ಬಂತಲ್ಲ, ಅಲ್ಲಿನ ಈಸ್ಟರ್ ಬೆಂಕಿ ಬಗ್ಗೆ ಹೇಳಲೇಬೇಕು. ಕಾರ್ಲ್ ಹೋದ ಮೇಲೆ ಬಂದ ಮೊಯ್ಸೆಬಾಖ್ ಅನ್ನೋ ಮುಖ್ಯಸ್ಥ 1846ರಲ್ಲಿ ಈ ಊರು ಕಟ್ಟಿದ. ಮಾರನೇ ವರ್ಷ ಕೊಮಾಂಚೆ ಮುಖಂಡರ ಹತ್ರ ಅವನೇ ಹೋಗಿ ಮಾತಾಡಿ ಒಪ್ಪಂದ ಮಾಡ್ಕೊಂಡ, 1847ರ ಮೇ ತಿಂಗಳಲ್ಲಿ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ ಸಹಿ ಆಯ್ತು, ಎರಡೂ ಕಡೆಯವರು ಬಹುಮಟ್ಟಿಗೆ ಉಳಿಸ್ಕೊಂಡ ಅಪರೂಪದ ಒಪ್ಪಂದ ಅಂತ ಅದಕ್ಕೆ ಹೆಸರಿದೆ. ಆ ಮಾತುಕತೆ ನಡೀತಿದ್ದಾಗ ರಾತ್ರಿ ಹೊತ್ತು ಗುಡ್ಡಗಳ ಮೇಲೆ ಕೊಮಾಂಚೆಯವರ ಬೆಂಕಿ ಉರೀತಿತ್ತಂತೆ, ಗಂಡಸರು ಊರಲ್ಲಿಲ್ಲ, ಮಕ್ಕಳು ಹೆದ್ರಿಕೊಂಡು ಅಳ್ತಿದ್ರೆ ಒಬ್ಬ ತಾಯಿ, ಏನೂ ಇಲ್ಲ ಕಂದಾ, ಈಸ್ಟರ್ ಮೊಲ ಮೊಟ್ಟೆ ಬೇಯಿಸಿ ಬಣ್ಣ ಹಾಕ್ತಾ ಇದೆ, ಅದರ ಒಲೆ ಅದು ಅಂದಳಂತೆ. ಈ ಕಥೆ ಇಟ್ಕೊಂಡು ಊರಲ್ಲಿ ದಶಕಗಳ ಕಾಲ ಈಸ್ಟರ್ ಹಿಂದಿನ ರಾತ್ರಿ ಗುಡ್ಡಗಳ ಮೇಲೆ ಬೆಂಕಿ ಹಚ್ಚಿ, ಊರ ಮಕ್ಕಳಿಗೆ ಮೊಲದ ವೇಷ ಹಾಕಿ ದೊಡ್ಡ ನಾಟಕ ಆಡ್ತಿದ್ರು. ಇಲ್ಲಿ ಇನ್ನೊಂದು ವಿಷಯ ಇದೆ. ಉತ್ತರ ಜರ್ಮನಿಯಲ್ಲಿ ಈಸ್ಟರ್‌ಗೆ ಗುಡ್ಡದ ಮೇಲೆ ಬೆಂಕಿ ಹಾಕೋ ಪದ್ಧತಿ ಮೊದಲಿಂದಲೂ ಇತ್ತು, ಹಾನೋವರ್ ಕಡೆಯಿಂದ ಬಂದವರು ಅದನ್ನ ಜೊತೆಗೇ ತಂದಿರಬೇಕು ಅಂತ ಬಲ್ಲವರು ಹೇಳ್ತಾರೆ. ಅಂದ್ರೆ ಹಳೇ ಊರಿನ ಆಚರಣೆಗೆ ಹೊಸ ಊರಿನ ಕಥೆ ಅಂಟ್ಕೊಂಡಿದೆ. ನನಗಂತೂ ಆ ತಾಯಿ ಕಥೆ ನಡೆದಿದ್ದೋ ಕಟ್ಟಿದ್ದೋ ಅನ್ನೋದಕ್ಕಿಂತ, ಕೊಮಾಂಚೆಯವರನ್ನ ಶತ್ರು ಮಾಡದೆ ಮೊಲದ ಒಲೆ ಮಾಡ್ಕೊಂಡ ಆ ಕಲ್ಪನೆ ಮುಖ್ಯ ಅನ್ಸುತ್ತೆ.

ಶೂಟಿಂಗ್ ಹಬ್ಬ ಶುಟ್ಸೆನ್‌ಫೆಸ್ಟ್ ಈಗಲೂ ಗಿಲೆಸ್ಪಿ ಕೌಂಟಿ ಕಡೆ ನಡೆಯುತ್ತೆ, ಗೆದ್ದವನು ಆ ವರ್ಷದ ರಾಜ. ಇದಕ್ಕಿಂತ ಅಪರೂಪದ್ದು ಒಂಬತ್ತು ಪಿನ್ ಬೌಲಿಂಗ್. ಅಮೆರಿಕಾ ಎಲ್ಲಾ ಕಡೆ ಹತ್ತು ಪಿನ್ ಆಟ ಬಂದು ಹಳೇದನ್ನ ನುಂಗಿ ಹಾಕ್ತು, ಸ್ಯಾನ್ ಆಂಟೋನಿಯೋ-ನ್ಯೂ ಬ್ರೌನ್‌ಫೆಲ್ಸ್ ಸುತ್ತಮುತ್ತಲ ಹಳ್ಳಿ ಕ್ಲಬ್ಬುಗಳಲ್ಲಿ ಮಾತ್ರ ಒಂಬತ್ತು ಪಿನ್ ಉಳ್ಕೊಂಡಿದೆ. ವಜ್ರದ ಆಕಾರದಲ್ಲಿ ಪಿನ್ ನಿಲ್ಲಿಸ್ತಾರೆ, ನಡುವಿನದು ಕೆಂಪು ಪಿನ್. ಒಂಬತ್ತೂ ಬಿದ್ರೆ ಒಂಬತ್ತು ಪಾಯಿಂಟ್, ಆದ್ರೆ ಕೆಂಪು ಪಿನ್ ಒಂದನ್ನೇ ನಿಲ್ಲಿಸಿ ಮಿಕ್ಕ ಎಂಟೂ ಬೀಳಿಸಿದ್ರೆ ಹನ್ನೆರಡು! ಒಬ್ಬರು ಒಂದಷ್ಟು ಬೀಳಿಸಿದ್ರೆ ಉಳಿದದ್ದನ್ನ ಅದೇ ಟೀಮಿನ ಮುಂದಿನವರು ಬೀಳಿಸಬೇಕು, ಪಿನ್ ಪೂರ್ತಿ ಬೀಳೋ ತನಕ ಮತ್ತೆ ನಿಲ್ಲಿಸೋ ಹಾಗಿಲ್ಲ, ಮುಂದಕ್ಕೆ ಯಾರು ಹೋಗಬೇಕು ಅಂತ ಕ್ಯಾಪ್ಟನ್ ಲೆಕ್ಕ ಹಾಕ್ತಾನೆ. ಪಿನ್ ನಿಲ್ಲಿಸೋದು ಮಷೀನ್ ಅಲ್ಲ, ಲೇನ್ ತುದೀಲಿ ಕೂತಿರೋ ಹುಡುಗರು ಕೈಯಲ್ಲೇ ನಿಲ್ಲಿಸ್ತಾರೆ. ಒಂದು ಸಲ ಗೆಳೆಯರ ಜೊತೆ ಹೋಗಿ ನೋಡಿದೆ, ಲೇನ್ ಪಕ್ಕದಲ್ಲೇ ಊಟದ ಟೇಬಲ್ಲು, ಕೈಗೂಸು ಎತ್ಕೊಂಡ ಅಮ್ಮಂದಿರು, ಎಂಬತ್ತು ದಾಟಿದ ಅಜ್ಜಿ ಒಬ್ಬರು ಸ್ಕೋರ್ ಬರೀತಿದ್ರು. ಯಾರ ಬಾಯಲ್ಲೂ ಒಂದು ಜರ್ಮನ್ ಪದ ಬರಲಿಲ್ಲ. ಆದ್ರೂ ಆ ಜಾಗದಷ್ಟು ಜರ್ಮನ್-ಟೆಕ್ಸಾಸ್ ಅನ್ನಿಸಿದ ಜಾಗ ನಾನು ಬೇರೆ ನೋಡಿಲ್ಲ.

ಈಗ ಭಾಷೆ ವಿಷಯಕ್ಕೆ ಬರ್ತೀನಿ. ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ 1852ರಲ್ಲಿ ನಾಯ್-ಬ್ರೌನ್‌ಫೆಲ್ಸರ್ ಜೈಟುಂಗ್ ಅನ್ನೋ ಜರ್ಮನ್ ಪತ್ರಿಕೆ ಶುರುವಾಯ್ತು, ಮೊದಲ ಸಂಪಾದಕ ಫರ್ಡಿನಂಡ್ ಲಿಂಡ್‌ಹೈಮರ್, ಟೆಕ್ಸಾಸ್‌ನ ಗಿಡಮರಗಳನ್ನ ಹುಡುಕಿ ಹುಡುಕಿ ದಾಖಲು ಮಾಡಿದ ಸಸ್ಯಶಾಸ್ತ್ರಜ್ಞನೂ ಅವನೇ. (ಹೆಚ್ಚೂಕಮ್ಮಿ ಅದೇ ಕಾಲಕ್ಕೆ ನಮ್ಮ ಮಂಗಳೂರಲ್ಲಿ ಇನ್ನೊಬ್ಬ ಜರ್ಮನ್, ಹರ್ಮನ್ ಮೋಗ್ಲಿಂಗ್, 1843ರಲ್ಲಿ ಮಂಗಳೂರ ಸಮಾಚಾರ ಹೊರತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ. ಇಲ್ಲಿಗೆ ಬಂದವರು ನಮ್ಮ ಭಾಷೇಲಿ ಪತ್ರಿಕೆ ಮಾಡಿದ್ರು, ಅಲ್ಲಿಗೆ ಹೋದವರು ತಮ್ಮ ಭಾಷೇಲಿ ಮಾಡ್ಕೊಂಡ್ರು.) ಶಾಲೆಲಿ ಜರ್ಮನ್, ಚರ್ಚಲ್ಲಿ ಜರ್ಮನ್, ಅಂಗಡೀಲಿ ಜರ್ಮನ್. ಸುಮಾರು ಎಪ್ಪತ್ತು ವರ್ಷ ಹಿಂಗೇ ನಡೀತು, ಮೂರು ತಲೆಮಾರು.

1917ರಲ್ಲಿ ಅಮೆರಿಕಾ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಎಲ್ಲಾ ಉಲ್ಟಾ ಆಯ್ತು. ಜರ್ಮನ್ ಮಾತಾಡೋನು ಶತ್ರು. 1918ರಲ್ಲಿ ಟೆಕ್ಸಾಸ್ ಸರ್ಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷಲ್ಲೇ ಮಾಡ್ಬೇಕು ಅಂತ ಕಾನೂನು ಬಂತು, 1919ರಲ್ಲಿ ಗವರ್ನರ್ ವಿಲಿಯಂ ಹಾಬಿ ಟೆಕ್ಸಾಸ್ ವಿಶ್ವವಿದ್ಯಾಲಯದ ಜರ್ಮನ್ ವಿಭಾಗಕ್ಕೆ ಇಟ್ಟಿದ್ದ ಹಣನೇ ತಡೆದ, ಬ್ರಾಂಡೆನ್‌ಬರ್ಗ್ ಅಂತಿದ್ದ ಊರಿನ ಹೆಸರು ಓಲ್ಡ್ ಗ್ಲೋರಿ ಅಂತ ಆಯ್ತು, ಅದು ಅಮೆರಿಕನ್ ಬಾವುಟದ ಅಡ್ಡಹೆಸರು. ಇದು ಟೆಕ್ಸಾಸ್ ಒಂದರ ಕಥೆ ಅಲ್ಲ. ನೆಬ್ರಾಸ್ಕಾದಲ್ಲಿ 1920ರ ಮೇ ತಿಂಗಳಲ್ಲಿ ರಾಬರ್ಟ್ ಮೇಯರ್ ಅನ್ನೋ ಚರ್ಚ್ ಶಾಲೆ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಬೈಬಲ್ ಕಥೆ ಜರ್ಮನ್‌ನಲ್ಲಿ ಓದಿಸ್ತಾ ಇದ್ರು, ಅದೇ ಹೊತ್ತಿಗೆ ಸರ್ಕಾರಿ ವಕೀಲ ತರಗತಿಯೊಳಗೆ ಬಂದ. ಎಂಟನೇ ಕ್ಲಾಸ್ ಮುಗಿಯೋವರೆಗೆ ಮಕ್ಕಳಿಗೆ ಬೇರೆ ಭಾಷೆ ಕಲಿಸೋ ಹಾಗಿಲ್ಲ ಅಂತ ಅಲ್ಲಿ ಕಾನೂನು ಮಾಡಿದ್ರು, ಮೇಷ್ಟ್ರಿಗೆ 25 ಡಾಲರ್ ದಂಡ ಬಿತ್ತು. ಅವರು ಕಟ್ಟಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋದ್ರು, 1923ರಲ್ಲಿ ಗೆದ್ರು, ಇವತ್ತಿಗೂ ಅಮೆರಿಕಾದಲ್ಲಿ ತಂದೆತಾಯಿಯ ಹಕ್ಕಿನ ಮಾತು ಬಂದ್ರೆ ವಕೀಲರು ಆ ತೀರ್ಪನ್ನ ಹಿಡಿದೇ ವಾದ ಮಾಡ್ತಾರೆ. ಆದ್ರೆ ಅಷ್ಟರಲ್ಲಿ ಮನೆಮನೆಗಳಲ್ಲಿ ತೀರ್ಮಾನ ಆಗಿಹೋಗಿತ್ತು. ಬೀದೀಲಿ ಬೈಸ್ಕೊಂಡ ಅಪ್ಪ, ಸ್ಕೂಲಲ್ಲಿ ಏಟು ತಿಂದ ಅಮ್ಮ, ನಮ್ಮ ಮಕ್ಕಳಿಗೆ ಈ ಕಷ್ಟ ಬೇಡ ಅಂತ ಮನೇಲೂ ಇಂಗ್ಲಿಷ್ ಶುರು ಮಾಡಿದ್ರು. ಎರಡನೇ ಮಹಾಯುದ್ಧ ಉಳಿದದ್ದನ್ನೂ ಮುಗಿಸ್ತು. ಭಾಷೆ ಸಾಯೋದು ಕೋರ್ಟಲ್ಲಿ ಅಲ್ಲ, ಅಡುಗೆಮನೇಲಿ, ಇದನ್ನ ನಾನು ಹೊರದೇಶದಲ್ಲಿ ಕನ್ನಡ ಮಕ್ಕಳನ್ನ ಬೆಳೆಸ್ತಾ ಕಣ್ಣಾರೆ ನೋಡ್ತಿದ್ದೀನಿ.

ಈಗ ಎರಡು ಇಸವಿ ಪಕ್ಕಪಕ್ಕ ಇಟ್ಟು ನೋಡಿ. ಜೈಟುಂಗ್ ಪತ್ರಿಕೆ ಜರ್ಮನ್‌ನಲ್ಲಿ ಬರೋದು ನಿಂತಿದ್ದು 1957ರಲ್ಲಿ. ವುರ್ಸ್ಟ್‌ಫೆಸ್ಟ್ ಶುರುವಾಗಿದ್ದು 1961ರಲ್ಲಿ. ನಾಲ್ಕೇ ವರ್ಷ. ಭಾಷೆ ಮನೆಯಿಂದ ಹೊರಟ ಹೊತ್ತಿಗೆ ಹಬ್ಬ ಬಂತು. ಮೊದಲು ಹಬ್ಬ ಅಂದ್ರೆ ಜರ್ಮನ್ ಮಾತಾಡೋರು ಒಬ್ಬರಿಗೊಬ್ಬರು ಸಿಗೋ ದಿನ, ಹೊರಗಿನವರಿಗೆ ಅಲ್ಲಿ ಕೆಲಸ ಇರಲಿಲ್ಲ. 1961ರ ನಂತರ ಹಬ್ಬ ಅಂದ್ರೆ ನಾವು ಜರ್ಮನ್ ಮೂಲದವರು ಅಂತ ಹೊರಗಿನವರಿಗೆ ತೋರಿಸೋ ದಿನ, ತಮಗೆ ತಾವೂ ನೆನಪು ಮಾಡ್ಕೊಳ್ಳೋ ದಿನ. ಅಮೆರಿಕಾದ ಜರ್ಮನ್ ಹಬ್ಬಗಳ ಬಗ್ಗೆ ಅರ್ಥ ಮಾಡ್ಕೊಳ್ಳಬೇಕಾದ ಮುಖ್ಯ ಸಂಗತಿ ಅಂತ ನಾನು ಹೇಳೋದು ಇದನ್ನೇ. ಟೆಕ್ಸಾಸ್ ಹೊರಗೂ ಜರ್ಮನ್ ಪೆರೇಡ್‌ಗಳು, ಜಾತ್ರೆಗಳು ಬಹಳಷ್ಟು ಶುರುವಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಭಯ ಕಮ್ಮಿಯಾದ ಮೇಲೆ. ಅಕ್ಟೋಬರ್ 6ನ್ನ ಜರ್ಮನ್-ಅಮೆರಿಕನ್ ದಿನ ಅಂತ ಅಧ್ಯಕ್ಷ ರೇಗನ್ ಘೋಷಿಸಿದ್ದು 1987ರಲ್ಲಿ, 1683ರಲ್ಲಿ ಕ್ರೇಫೆಲ್ಡ್ ಊರಿನ 13 ಕುಟುಂಬ ಫಿಲಡೆಲ್ಫಿಯಾಗೆ ಬಂದಿಳಿದ ನೆನಪಿಗೆ. 2020ರ ಜನಗಣತಿಯಲ್ಲಿ ಜರ್ಮನ್ ಮೂಲ ಅಂತ ಬರೆಸಿದವರು ಸುಮಾರು ನಾಲ್ಕೂವರೆ ಕೋಟಿ ಜನ, ಮನೇಲಿ ಜರ್ಮನ್ ಮಾತಾಡೋರು ಅದರಲ್ಲಿ ಒಂದು ಸಣ್ಣ ಚೂರು.

ವುರ್ಸ್ಟ್‌ಫೆಸ್ಟ್ ಶುರು ಮಾಡಿದ್ದು ಎಡ್ ಗ್ರಿಸ್ಟ್ ಅನ್ನೋ ಪಶುವೈದ್ಯರು, ಊರಿನ ಮಾಂಸ ತಪಾಸಣೆ ಅವರ ಕೆಲಸ. ನಮ್ಮೂರ ಸಾಸೇಜ್‌ಗೆ ಗೌರವ ಸಲ್ಲಿಸೋಣ ಅಂತ ಒಂದು ಸಣ್ಣ ಹಬ್ಬ ಮಾಡಿದ್ರು. ನವೆಂಬರ್‌ನಲ್ಲೇ ಯಾಕೆ ಅಂದ್ರೆ, ಹಿಂದೆ ಚಳಿ ಬೀಳೋವರೆಗೂ ಹಂದಿ ಕಡೀತಿರಲಿಲ್ಲ. ಮೊದಲ ಚಳಿ ಬಿದ್ದ ಬೆಳಿಗ್ಗೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಕಡಿದು, ಕರುಳು ತೊಳೆದು, ಮಾಂಸ ಅರೆದು ತುಂಬಿ, ಹೊಗೆಮನೇಲಿ ನೇತುಹಾಕಿದ್ರೆ ಚಳಿಗಾಲ ಪೂರ್ತಿ ಕಳೀತಿತ್ತು. ಆ ಕೆಲಸದ ದಿನವೇ ಹಬ್ಬದ ದಿನ ಆಗಿತ್ತು. ಈಗ ಹಬ್ಬ ಉದ್ಘಾಟನೆ ಅಂದ್ರೆ ದೀಪ ಹಚ್ಚೋದಲ್ಲ, ಗಣ್ಯರೆಲ್ಲ ಸಾಸೇಜ್ ಕಚ್ಚೋದು. ನಾನು ಸಸ್ಯಾಹಾರಿ, ನನಗೆ ಅಲ್ಲಿ ಸಿಗೋದು ಕಾರ್ಟೋಫೆಲ್‌ಪುಫರ್, ಆಲೂಗಡ್ಡೆ ಈರುಳ್ಳಿ ತುರಿದು, ಹಿಟ್ಟು ಮೊಟ್ಟೆ ಕಲಸಿ, ಕಾದ ಎಣ್ಣೇಲಿ ಅಂಗೈ ಅಗಲ ತಟ್ಟಿ ಕೆಂಪಗೆ ಕರೀತಾರೆ, ಅಂಚು ಗರಿಗರಿ, ನಡುವೆ ಮೆತ್ತಗೆ, ಜೊತೆಗೆ ಸೇಬಿನ ಸಾಸ್. ಮೊಟ್ಟೆ ತಿನ್ನದವರು ಕೇಳ್ಕೊಂಡು ತಿನ್ನಿ. ಬಹಳಷ್ಟು ಅಂಗಡಿ ನಡೆಸೋದು ಊರಿನ ಸೇವಾ ಸಂಘಗಳೇ, ಲಾಭ ಅವರವರ ಸಮಾಜಸೇವೆಗೆ ಹೋಗುತ್ತೆ. ಬಾಣಲೆ ಮುಂದೆ ಬೆವರು ಸುರಿಸ್ತಾ ನಿಂತಿರೋದು ಊರ ಜನ, ಸಂಬಳ ಇಲ್ಲದೆ. ಫೆರೈನ್ ಪದ್ಧತಿ ಹೆಸರು ಬದಲಾಯಿಸ್ಕೊಂಡು ಇಲ್ಲಿ ಬದುಕಿದೆ ಅಂತ ನನಗನ್ನಿಸೋದು ಇದಕ್ಕೇ. 2019ರಲ್ಲಿ ಹಬ್ಬ ಮುಗಿದ ಕೆಲವೇ ದಿನಕ್ಕೆ ಬೆಂಕಿ ಬಿದ್ದು ಮಾರ್ಕ್ಟ್‌ಪ್ಲಾಟ್ಸ್ ಕಟ್ಟಡ ಸುಟ್ಟುಹೋಯ್ತು, 2020ರಲ್ಲಿ ಕೋವಿಡ್, 2021ರಲ್ಲಿ ಹೊಸ ಕಟ್ಟಡ ಕಟ್ಕೊಂಡು ಮತ್ತೆ ಶುರು ಮಾಡಿದ್ರು.

ಉಡುಪಿನ ಬಗ್ಗೆ ಸ್ವಲ್ಪ. ಚರ್ಮದ ಚಡ್ಡಿ ಲೇಡರ್‌ಹೋಸೆನ್, ಹೆಂಗಸರ ಡಿರ್ನ್‌ಡಲ್, ಇವು ಬವೇರಿಯಾ ಮತ್ತೆ ಆಲ್ಪ್ಸ್ ಕಡೆಯವು. ಅಕ್ಟೋಬರ್‌ಫೆಸ್ಟ್ ಕೂಡ ಬವೇರಿಯಾದ್ದೇ, 1810ರಲ್ಲಿ ಅಲ್ಲಿನ ಯುವರಾಜನ ಮದುವೆಗೆ ನಡೆದ ಕುದುರೆ ರೇಸ್‌ನಿಂದ ಹುಟ್ಟಿದ್ದು. ಹಿಲ್ ಕಂಟ್ರಿಗೆ ಬಂದವರಲ್ಲಿ ಹೆಚ್ಚಿನವರು ಹೆಸ್ಸೆ, ನಸ್ಸೌ, ಹಾನೋವರ್, ಬ್ರೌನ್‌ಷ್ವೈಗ್ ಕಡೆಯವರು, ಅವರ ಮುತ್ತಾತ ಇದನ್ನ ಹಾಕಿರಲಿಕ್ಕಿಲ್ಲ. ಕೊಡಗಿನ ಕುಪ್ಯವನ್ನ ಇಡೀ ಕರ್ನಾಟಕದ ಉಡುಪು ಅಂತ ತೋರಿಸಿದ ಹಾಗೆ. ಯಾಕೆ ಹಿಂಗಾಯ್ತು ಅಂದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಬವೇರಿಯಾ ಇದ್ದದ್ದು ಅಮೆರಿಕಾ ಸೈನ್ಯದ ವಲಯದಲ್ಲಿ, ಸೈನಿಕರು ಲಕ್ಷಗಟ್ಟಲೆ ಜನ ಅಲ್ಲಿದ್ದು ಬಂದ್ರು, ಅವರ ಕಣ್ಣಲ್ಲಿ ಜರ್ಮನಿ ಅಂದ್ರೆ ಅದೇ ಚಿತ್ರ ಆಯ್ತು, ಟೂರಿಸಂಗೂ ಅದೇ ಬೇಕಿತ್ತು. ಕೆಲವರು ಇದನ್ನ ನಕಲಿ ಅಂತ ಬೈತಾರೆ. ನನಗೆ ಹಂಗನ್ಸಲ್ಲ, ಎಲ್ಲಾ ಮರೆತುಹೋದವರು ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡಿದ್ದಾರೆ, ಅಷ್ಟೇ. ಆದ್ರೆ ವ್ಯತ್ಯಾಸ ಗೊತ್ತಿರಬೇಕು. ಟೆಕ್ಸಾಸ್‌ನ ಜರ್ಮನ್ ಮಣ್ಣಿನ ಗುರುತು ಬೇಕಂದ್ರೆ ಗ್ರೀನ್ ಹಾಲ್‌ಗೆ ಹೋಗಿ, 1878ರದ್ದು, ತಗಡಿನ ಸೂರು, ಮರದ ಹಲಗೆ ನೆಲ, ಗೋಡೆ ಉದ್ದಕ್ಕೂ ಗಾಳಿಗೆ ತೆರೆದಿಡೋ ಕಿಟಕಿಗಳು, ಇವತ್ತೂ ಕುಣಿತ ನಡೆಯುತ್ತೆ. ಹಸಿರು ಬಣ್ಣದ ಗ್ರೀನ್ ಅಲ್ಲ ಅದು, ಕಟ್ಟಿಸಿದವರ ಮನೆತನದ ಹೆಸರು.

ಹರಡಿದ್ದೂ ಬಹಳ ಇದೆ. ಜರ್ಮನ್, ಚೆಕ್ ವಲಸಿಗರ ಅಕಾರ್ಡಿಯನ್ನು, ಪೋಲ್ಕಾ ತಾಳ ಟೆಕ್ಸಾಸ್‌ನ ಮೆಕ್ಸಿಕನ್ನರ ಕೈಗೆ ಹೋಗಿ ಕೊನ್‌ಹುಂಟೋ ಸಂಗೀತ ಆಯ್ತು, ಅವರು ಅದಕ್ಕೆ ಹನ್ನೆರಡು ತಂತಿಯ ಬಾಹೋ ಸೆಕ್ಸ್ಟೋ ಸೇರಿಸಿ ಪೂರ್ತಿ ತಮ್ಮದೇ ಮಾಡ್ಕೊಂಡ್ರು. ಜರ್ಮನ್ ಕಸಾಯಿ ಅಂಗಡಿಯವರು ಮಾರಾಟವಾಗದೆ ಉಳಿದ ಮಾಂಸಕ್ಕೆ ಹೊಗೆ ಕೊಟ್ಟು ಕಾಗದದಲ್ಲಿ ಕಟ್ಟಿಕೊಡ್ತಿದ್ದದ್ದು ಟೆಕ್ಸಾಸ್ ಬಾರ್ಬೆಕ್ಯೂಗೆ ಒಂದು ಬೇರು. ಹಬ್ಬಕ್ಕೆ ಟಿಕೆಟ್ ತಗೊಂಡು ನೋಡೋದಕ್ಕಿಂತ ಜಾಸ್ತಿ, ಜರ್ಮನ್ನರು ಬಿಟ್ಟುಹೋದದ್ದನ್ನ ಗೊತ್ತಿಲ್ದೇನೇ ದಿನಾ ನಾವು ಹಾಡಲ್ಲಿ ಕೇಳ್ತೀವಿ, ಮಾಂಸ ತಿನ್ನೋರು ತಟ್ಟೇಲಿ ತಿಂತಾರೆ.

ಭಾಷೆ ಪೂರ್ತಿ ಹೋಗಿಲ್ಲ ಇನ್ನೂ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಬೋವಾಸ್ ಅನ್ನೋ ಭಾಷಾತಜ್ಞರು 2001ರಿಂದ ಟೆಕ್ಸಾಸ್ ಜರ್ಮನ್ ಮಾತಾಡೋ ಹಿರಿಯರ ಹತ್ರ ಹೋಗಿ ರೆಕಾರ್ಡ್ ಮಾಡ್ತಿದ್ದಾರೆ. 1940ರ ಸುಮಾರಿಗೆ ಲಕ್ಷಕ್ಕೂ ಹೆಚ್ಚು ಜನ ಆಡ್ತಿದ್ದ ಮಾತು, ಈಗ ವಯಸ್ಸಾದವರಲ್ಲಿ ಮಾತ್ರ ಉಳಿದಿದೆ. ಬೇರೆ ಬೇರೆ ಸೀಮೆಯ ನುಡಿಗಳು ಟೆಕ್ಸಾಸ್‌ನಲ್ಲಿ ಬೆರೆತು ಆದ ಭಾಷೆ ಅದು, ಜರ್ಮನಿಯಲ್ಲಿ ಕೇಳೋಕೆ ಸಿಗಲ್ಲ. ವಿಮಾನ ಹುಟ್ಟೋಕೆ ಮುಂಚೆನೇ ಇವರು ಊರು ಬಿಟ್ಟಿದ್ರಲ್ಲ, ಅದಕ್ಕೆ ಜರ್ಮನಿಯವರು ಫ್ಲುಗ್‌ಸೊಯ್ಗ್ ಅಂದ್ರೆ ಇವರು ಲುಫ್ಟ್‌ಷಿಫ್ ಅಂತಾರೆ, ಗಾಳಿಹಡಗು. ಸ್ಕಂಕ್ ಅನ್ನೋ ಕೆಟ್ಟ ವಾಸನೆ ಬಿಡೋ ಪ್ರಾಣಿಯನ್ನ ಇಲ್ಲೇ ಮೊದಲು ನೋಡಿದ್ದು, ಹೆಸರು ಬೇಕಾಯ್ತು, ಸ್ಟಿಂಕ್‌ಕಾಟ್ಸೆ ಅಂದ್ರು, ನಾತಬೆಕ್ಕು.

ಹಾಡಿನ ಸಂಘಗಳೂ ಇವೆ. ಹಿಲ್ ಕಂಟ್ರಿಯ ಹಾಡುಗಾರರ ಒಕ್ಕೂಟ 1881ರಲ್ಲಿ ಹುಟ್ಟಿದ್ದು, ಊರೂರ ಸಂಘದವರು ಈಗಲೂ ಸೇರಿ ಜರ್ಮನ್‌ನಲ್ಲೇ ಹಾಡ್ತಾರೆ. ಒಂದು ಸಲ ಅಂಥದ್ದೊಂದು ಕಡೆ ಹಿಂದಿನ ಸಾಲಲ್ಲಿ ಕೂತಿದ್ದೆ. ಟಿಕೆಟ್ ಇಲ್ಲ, ಟೂರಿಸ್ಟ್ ಇಲ್ಲ, ಮಡಚೋ ಕುರ್ಚಿ, ಕಾಫಿ, ಮನೆಯಿಂದ ಮಾಡ್ಕೊಂಡು ಬಂದ ಕೇಕು. ಪಕ್ಕದಲ್ಲಿದ್ದ ಹಿರಿಯರ ಕೈಯಲ್ಲಿ ಹಾಡಿನ ಹಾಳೆ ಇತ್ತು, ಜರ್ಮನ್ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಇಂಗ್ಲಿಷ್ ಉಚ್ಚಾರ ಬರ್ಕೊಂಡಿದ್ರು, ನಮ್ಮ ಕೂಟದ ಮಕ್ಕಳು ರಾಜ್ಯೋತ್ಸವದ ಹಾಡನ್ನ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಳ್ತಾರಲ್ಲ, ಅದೇ ಥರ. ನಾನು ಹಾಳೆ ನೋಡ್ತಿರೋದು ಗೊತ್ತಾಗಿ ನನ್ನ ಕಡೆ ಸ್ವಲ್ಪ ಸರಿಸಿ ಹಿಡಿದ್ರು, ಬೆರಳಿಟ್ಟು ಸಾಲು ತೋರಿಸಿದ್ರು, ಎರಡನೇ ಚರಣಕ್ಕೆ ನಾನೂ ಸೇರ್ಕೊಂಡೆ.